ಇಪ್ಪತ್ತು ಹೆರಿಗೆಯ ಲೆಕ್ಕ

ಮೇ ತಿಂಗಳಲ್ಲಿ ಮಧುಗಿರಿ ಕಡೆಯ ಅಕ್ಕನ ಮನೆಗೆ ಹೋದಾಗ ಹಜಾರದ ಟೀಪಾಯಿ ಮೇಲೆ ಆರು ನರ್ಸಿಂಗ್ ಕಾಲೇಜುಗಳ ಬಣ್ಣಬಣ್ಣದ ಪುಸ್ತಿಕೆಗಳು ಬಿದ್ದಿದ್ದವು. ಎರಡು ಪುಸ್ತಿಕೆಗಳ ಮುಖಪುಟದಲ್ಲಿ ಒಬ್ಬಳೇ ಹುಡುಗಿ. ಅದೇ ನಗು, ಅದೇ ಸ್ಟೆತಸ್ಕೋಪು, ಹಿಂದೆ ಅದೇ ಗಾಜಿನ ಆಸ್ಪತ್ರೆ. ಒಂದು ಕಾಲೇಜು ತುಮಕೂರಿನ ಕಡೆಯದು, ಇನ್ನೊಂದು ಬೆಂಗಳೂರಿನ ಹೊರವಲಯದ್ದು.

ಅಕ್ಕನ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಳು, ಪಿಸಿಎಂಬಿ, ಶೇ. 71. ಭಾವ ಪುಸ್ತಿಕೆಗಳನ್ನು ನನ್ನ ಕಡೆ ತಳ್ಳಿ, “ನೀನು ಪೇಪರಿಗೆ ಬರೆಯೋನು, ಲೆಕ್ಕ ಹಾಕ್ಕೊಡು. ಒಟ್ಟು ಎಷ್ಟು ಬೀಳುತ್ತೆ, ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ. ಇವೆರಡು ಗೊತ್ತಾದ್ರೆ ಸಾಕು” ಅಂದರು. ಭಾವ ಮೂವತ್ತು ವರ್ಷ ಕಡಲೆಕಾಯಿ ಬೆಳೆದವರು. ಬಿತ್ತನೆಗೆ ಮುಂಚೆ ಬೀಜದ ರೇಟು, ಕೂಲಿ, ಮಾರ್ಕೆಟ್ಟಿನ ಧಾರಣೆ ಮೂರನ್ನೂ ಬೆರಳ ತುದಿಯಲ್ಲಿ ಎಣಿಸುವ ಪೈಕಿ. ಮಗಳ ಓದನ್ನೂ ಹಾಗೇ ಎಣಿಸಿದರೆ ತಪ್ಪೇನೂ ಇಲ್ಲ. ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಕೂತೆ.

ದಾರಿಗಳು ಮೂರು. ಎಎನ್‌ಎಂ ಎರಡು ವರ್ಷ. ಹುಡುಗಿಯರಿಗೆ ಮಾತ್ರ, ಪಿಯುಸಿ ಕಲಾ ವಿಭಾಗವಾದರೂ ನಡೆಯುತ್ತದೆ. ಹಳ್ಳಿಯ ಉಪಕೇಂದ್ರದಲ್ಲಿ ಚುಚ್ಚುಮದ್ದು ಹಾಕುವ, ಬಸುರಿಯರ ತಾಯಿ ಕಾರ್ಡು ತುಂಬುವ ಅಕ್ಕಂದಿರು ಈ ದಾರಿಯಿಂದ ಬಂದವರು. ಬಯಲುಸೀಮೆಯಲ್ಲಿ 5,000 ಜನಕ್ಕೆ, ಮಲೆನಾಡು–ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎನ್ನುವುದು ಸರ್ಕಾರದ ಮಾನದಂಡ. ನಮ್ಮ ರಾಜ್ಯದಲ್ಲಿ ಅವರ ಹುದ್ದೆಗೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂಬ ಉದ್ದನೆಯ ಹೆಸರು ಬಂದಿದೆ. ಊರವರ ಬಾಯಲ್ಲಿ ಮಾತ್ರ ಈಗಲೂ ಸಿಸ್ಟರೇ. ಎರಡನೆಯದು ಜಿಎನ್‌ಎಂ, ಮೂರು ವರ್ಷದ ಡಿಪ್ಲೊಮಾ, ಪಿಯುಸಿಯಲ್ಲಿ ಶೇ. 40 ಸಾಕು. ಮೂರನೆಯದು ನಾಲ್ಕು ವರ್ಷ, ಎಂಟು ಸೆಮಿಸ್ಟರಿನ ಬಿ.ಎಸ್ಸಿ. ನರ್ಸಿಂಗ್. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು, ಶೇ. 45 ಅಂಕ ಬೇಕು (ಪರಿಶಿಷ್ಟರಿಗೆ ಶೇ. 40), ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. 2023ರಿಂದ ಕರ್ನಾಟಕದಲ್ಲಿ ಸಿಇಟಿಯನ್ನೂ ದಾಟಬೇಕು. ಜಿಎನ್‌ಎಂ ಆದವರು ಮುಂದೆ ಎರಡು ವರ್ಷ ‘ಪೋಸ್ಟ್ ಬೇಸಿಕ್’ ಓದಿ ಬಿ.ಎಸ್ಸಿ. ಆಗಬಹುದು. ಹಾಗೆ ಹೋದರೆ ನಾಲ್ಕು ವರ್ಷದ ಹಾದಿ ಐದಾಗುತ್ತದೆ, ಆದರೆ ನಡುವೆ ದುಡಿಯುವ ಅವಕಾಶ ಉಂಟು. ಕೈಯಲ್ಲಿ ಕಾಸಿಲ್ಲದ ಮನೆಗೆ ಅದು ಸಣ್ಣ ಅನುಕೂಲವಲ್ಲ.

ಇವಳ ಮನಸ್ಸು ಬಿ.ಎಸ್ಸಿ. ಮೇಲೆ. ಹಾಗಾಗಿ ಅದರ ಲೆಕ್ಕವನ್ನೇ ಹಿಡಿದೆ.

ಫೀಸಿಗೆ ಸರ್ಕಾರವೇ ಮಿತಿ ಹಾಕಿದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 10,000 ರೂಪಾಯಿ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕರ್ನಾಟಕದವರಿಗೆ 1 ಲಕ್ಷ, ಹೊರರಾಜ್ಯದವರಿಗೆ 1.4 ಲಕ್ಷ. ಕಾಲೇಜುಗಳು ಹೆಚ್ಚಿಸಿ ಎಂದು ಕೇಳಿದ್ದಕ್ಕೆ 2025ರಲ್ಲಿ ಸರ್ಕಾರ ಒಪ್ಪಲಿಲ್ಲ. ಹತ್ತು ಸಾವಿರಕ್ಕೂ ಲಕ್ಷಕ್ಕೂ ಹತ್ತು ಪಟ್ಟು ಅಂತರ. ಭಾವನ ಮುಖ ಅಲ್ಲೇ ಸಣ್ಣಗಾಯಿತು, ಏಕೆಂದರೆ ಮಗಳ ರ‍್ಯಾಂಕಿಗೆ ಹತ್ತು ಸಾವಿರದ ಸೀಟು ಸಿಗುವ ಭರವಸೆ ಇರಲಿಲ್ಲ.

ಆದರೆ ಫೀಸು ಖರ್ಚಿನ ಒಂದು ಬಾಬ್ತು ಅಷ್ಟೆ. ಆರು ಪುಸ್ತಿಕೆಗಳ ಹಾಸ್ಟೆಲ್ ಮತ್ತು ಮೆಸ್ ದರಗಳನ್ನು ಪಕ್ಕಪಕ್ಕ ಬರೆದಾಗ ಸರಾಸರಿ ವರ್ಷಕ್ಕೆ 70,000 ಬಂತು. ಅದರ ಮೇಲೆ ಸಣ್ಣಪುಟ್ಟದ್ದು: ಮೂರು ಜೊತೆ ಯೂನಿಫಾರ್ಮು, ಬಿಳಿ ಶೂ, ನಾಡಿ ಎಣಿಸಲು ಸೆಕೆಂಡಿನ ಮುಳ್ಳಿರುವ ವಾಚು, ಕತ್ತರಿ–ಫೋರ್ಸೆಪ್ಸ್‌ನ ಕಿಟ್ಟು, ರೆಕಾರ್ಡ್ ಪುಸ್ತಕಗಳು, ಆಸ್ಪತ್ರೆಗೆ ಕರೆದೊಯ್ಯುವ ಬಸ್ಸಿನ ಚಾರ್ಜು, ಮೊದಲ ವರ್ಷದ ದೀಪ ಬೆಳಗುವ ಸಮಾರಂಭದ ದುಡ್ಡು. (ದೀಪ ಹಚ್ಚಲೂ ರಸೀದಿ ಹರಿಯುತ್ತಾರೆ ಎಂದು ಅಕ್ಕನಿಗೆ ನಂಬಿಕೆಯೇ ಆಗಲಿಲ್ಲ.) ಇದಕ್ಕೆಲ್ಲ ವರ್ಷಕ್ಕೆ 15,000 ಇಟ್ಟೆ.

ನಾಲ್ಕು ವರ್ಷಕ್ಕೆ ಹಾಸ್ಟೆಲ್ 2.8 ಲಕ್ಷ, ಸಣ್ಣಪುಟ್ಟದ್ದು 60,000. ಸರ್ಕಾರಿ ಕೋಟಾದ ಫೀಸು 40,000 ಸೇರಿಸಿದರೆ 3.8 ಲಕ್ಷ, ಮ್ಯಾನೇಜ್‌ಮೆಂಟಿನ 4 ಲಕ್ಷ ಸೇರಿಸಿದರೆ 7.4 ಲಕ್ಷ. ಫೀಸಿನಲ್ಲಿ ಹತ್ತು ಪಟ್ಟು ಕಂಡ ಅಂತರ ಒಟ್ಟು ಖರ್ಚಿನಲ್ಲಿ ಎರಡು ಪಟ್ಟಿಗೆ ಇಳಿಯಿತು. ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವ ಊರಿನಲ್ಲಿ ಕಾಲೇಜಿದ್ದರೆ ಮ್ಯಾನೇಜ್‌ಮೆಂಟ್ ಸೀಟೂ ಐದು ಲಕ್ಷದ ಒಳಗೆ ಮುಗಿಯುತ್ತದೆ. “ಹಂಗಾದ್ರೆ ಹತ್ತಿರದ್ದೇ ನೋಡೋಣ” ಅಂದರು ಭಾವ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಊಟ, ವಸತಿಯನ್ನು ಮನೆಯವರು ನೋಡಿಕೊಂಡು ಫೀಸಿಗೆ ಮಾತ್ರ ಸಾಲ ಮಾಡುವುದು ಅಕ್ಕನ ಯೋಜನೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ, ನಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ಕಂತು. ಬಡ್ಡಿ ಲೆಕ್ಕಕ್ಕೆ ಸಲೀಸಾಗಲೆಂದು ಶೇ. 10 ಹಿಡಿದೆ. ಓದು ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟದೆ ಇರಬಹುದು, ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಒಟ್ಟು 1.4 ಲಕ್ಷ. ಕಂತು ಶುರುವಾಗುವ ದಿನ ಸಾಲ 5.4 ಲಕ್ಷ. ಏಳು ವರ್ಷದ ಅವಧಿಗೆ ತಿಂಗಳ ಕಂತು 8,964 ರೂಪಾಯಿ. 84 ಕಂತು ಮುಗಿದಾಗ ಕಟ್ಟಿದ್ದು ಏಳೂವರೆ ಲಕ್ಷ. ಮನೆಯ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಅದು ಸಿಕ್ಕರೆ ಕಂತು 6,640ಕ್ಕೆ ಇಳಿಯುತ್ತದೆ. ಒಂದು ಆದಾಯ ಪ್ರಮಾಣಪತ್ರದ ಬೆಲೆ ತಿಂಗಳಿಗೆ 2,324 ರೂಪಾಯಿ. ನಾಡಕಚೇರಿಗೆ ನಾಲ್ಕು ಸಲ ಅಲೆದರೂ ನಷ್ಟವಿಲ್ಲ.

ಇನ್ನು ಭಾವನ ಎರಡನೇ ಪ್ರಶ್ನೆ: ಎಷ್ಟು ವರ್ಷಕ್ಕೆ ವಾಪಸ್ಸು? ಉತ್ತರ ಕೆಲಸ ಎಲ್ಲಿ ಸಿಗುತ್ತದೆ ಎನ್ನುವುದರ ಮೇಲೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗೆ ಆರಂಭಿಕ ಮೂಲವೇತನವೇ 44,900, ಭತ್ಯೆಗಳು ಬೇರೆ. 2020ರಿಂದ ಅದಕ್ಕೆ ‘ನಾರ್ಸೆಟ್’ ಎಂಬ ಒಂದೇ ಪರೀಕ್ಷೆ. ಹುದ್ದೆಗಳಲ್ಲಿ ನೂರಕ್ಕೆ 80 ಹೆಣ್ಣುಮಕ್ಕಳಿಗೆ, 20 ಗಂಡುಮಕ್ಕಳಿಗೆ. ಬಿ.ಎಸ್ಸಿ.ಯವರು ಓದು ಮುಗಿಸಿ ನೇರ ಬರೆಯಬಹುದು, ಜಿಎನ್‌ಎಂನವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಡಿಪ್ಲೊಮಾದವರು ಒಂದು ವರ್ಷ ಉಳಿಸಿದ್ದು ಇಲ್ಲಿ ಎರಡು ವರ್ಷವಾಗಿ ಕಳೆದುಹೋಗುತ್ತದೆ.

ಖಾಸಗಿ ಆಸ್ಪತ್ರೆಯ ಕಥೆ ಬೇರೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿ ಒಂದು ಏಣಿ ಹಾಕಿಕೊಟ್ಟಿತು. ರಾಜ್ಯ ಸರ್ಕಾರದ ನರ್ಸಿಗೆ ನೂರು ರೂಪಾಯಿ ಸಂಬಳವಿದ್ದರೆ 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನೂರೇ ಇರಬೇಕು. 100 ದಾಟಿದ ಆಸ್ಪತ್ರೆಯಲ್ಲಿ 90ಕ್ಕೆ ಕಡಿಮೆ ಇರಬಾರದು, 50ರಿಂದ 100 ಹಾಸಿಗೆಯದರಲ್ಲಿ 75ಕ್ಕೆ. ಅದಕ್ಕಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ಕೊಡಲೇಬೇಕು. ಏಣಿ ಚೆನ್ನಾಗಿದೆ. ಅದನ್ನು ಹತ್ತಿಸುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟರು. ತಾಲ್ಲೂಕು ಊರುಗಳ ನರ್ಸಿಂಗ್ ಹೋಮಿನಲ್ಲಿ ಹೊಸದಾಗಿ ಸೇರಿದವರನ್ನು ಸಂಬಳ ಕೇಳಿ ನೋಡಿದರೆ ಏಣಿಯ ಕೆಳಗಿನ ಮೆಟ್ಟಿಲು ಇನ್ನೂ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ.

ಸಮಿತಿಯ ಆ 20,000 ಸಿಕ್ಕಿತೆಂದೇ ಇಟ್ಟುಕೊಂಡೆ. ಅದರಲ್ಲಿ 8,964 ಬ್ಯಾಂಕಿಗೆ, ಅಂದರೆ ಶೇ. 45ರಷ್ಟು. ಉಳಿದ 11,036ರಲ್ಲಿ ಪಿಜಿ ಬಾಡಿಗೆ, ಊಟ, ಊರಿಗೆ ಬಸ್ಸು. 44,900ರ ಕೆಲಸ ಸಿಕ್ಕಿದರೆ ಅದೇ ಕಂತು ಮೂಲವೇತನದ ಐದರಲ್ಲೊಂದು ಪಾಲು. ಓದು ಅದೇ, ಸಾಲ ಅದೇ. ಎರಡೂ ಕಡೆಯ ಹುಡುಗಿಯರ ಕೈಯಲ್ಲಿರುವ ಸರ್ಟಿಫಿಕೇಟಿನ ಕಾಗದವೂ ಅದೇ.

ಇಷ್ಟನ್ನು ಬರೆದು, ಒಂದು ಸಲ ಕಣ್ಣಾಡಿಸಲಿ ಎಂದು ಚಿಕ್ಕಮ್ಮನ ಮಗಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವಳು ಹದಿನೈದು ವರ್ಷದಿಂದ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದಾಳೆ. ರಾತ್ರಿ ಹತ್ತಕ್ಕೆ ಫೋನ್ ಬಂತು.

“ಅಣ್ಣಾ, ಫೀಸು, ಸಂಬಳ ಎಲ್ಲ ಸರಿ. ಆ ಕಾಲೇಜಿನ ಆಸ್ಪತ್ರೇಲಿ ತಿಂಗಳಿಗೆ ಎಷ್ಟು ಡೆಲಿವರಿ ಆಗುತ್ತೆ ಅಂತ ಕೇಳ್ದಾ?”

ಕೇಳಿರಲಿಲ್ಲ. ಅದು ಕೇಳಬೇಕಾದ ಅಂಕಿ ಎಂದೇ ಹೊಳೆದಿರಲಿಲ್ಲ.

ಭಾರತದಲ್ಲಿ ಜಿಎನ್‌ಎಂ ಅಥವಾ ಬಿ.ಎಸ್ಸಿ. ಮುಗಿಸಿದವರು ಬರೀ ನರ್ಸಲ್ಲ. ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿಯಲ್ಲಿ ‘ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್’ ಎಂದು ಎರಡೂ ಬರುತ್ತದೆ. ಸೂಲಗಿತ್ತಿಯ ಪಟ್ಟ ಬೇಕಾದರೆ ಕೈಯಾರೆ ಹೆರಿಗೆ ಮಾಡಿಸಿರಬೇಕಲ್ಲ, ಅದಕ್ಕೊಂದು ಕೇಸ್ ಬುಕ್ ಉಂಟು. ಬಹಳ ವರ್ಷ ಜಾರಿಯಲ್ಲಿದ್ದ ಹಳೆಯ ಪಠ್ಯಕ್ರಮದ ಪ್ರಕಾರ ಅದರಲ್ಲಿ ತುಂಬಬೇಕಾಗಿದ್ದದ್ದು: 30 ಬಸುರಿಯರ ತಪಾಸಣೆ, 20 ಸಹಜ ಹೆರಿಗೆ, 20 ಬಾಣಂತಿಯರ ಆರೈಕೆ, 5 ಒಳಪರೀಕ್ಷೆ, 5 ಕತ್ತರಿಸಿ ಹೊಲಿಗೆ, ಉಸಿರು ಕಟ್ಟಿದ ಕೂಸಿಗೆ ಉಸಿರು ಕೊಡುವುದು 5, ವಂಕಿ ಹಾಕುವುದು 5. ಪ್ರತಿಯೊಂದರ ಕೆಳಗೂ ಟೀಚರ ರುಜು. 2021ರಲ್ಲಿ ಬಂದ ಹೊಸ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ತಾನೇ ಮಾಡಿಸಬೇಕಾದ ಸಹಜ ಹೆರಿಗೆ 20ರಿಂದ 10ಕ್ಕೆ ಇಳಿಯಿತು. ನೋಡಬೇಕಾದ್ದು, ಜೊತೆಗೆ ನಿಂತು ನೆರವಾಗಬೇಕಾದ್ದು ಬೇರೆ.

ತನ್ನ ಕೇಸ್ ಬುಕ್ಕಿನ ಒಂದು ಪುಟದ ಫೋಟೊ ಕಳಿಸಿದಳು. ಮಾಸಿದ ನೀಲಿ ಶಾಯಿ. ಹೆಂಗಸಿನ ಹೆಸರಿನ ಜಾಗವನ್ನು ಬೆರಳಿನಿಂದ ಮುಚ್ಚಿದ್ದಳು. ಎರಡನೇ ಬಸಿರು, ಮೊದಲ ಮಗು ಬದುಕಿದೆ. ನೋವು ಶುರುವಾದದ್ದು ರಾತ್ರಿ 11.30, ಮಗು ಹೊರಬಿದ್ದದ್ದು ಬೆಳಗಿನ 5.10, ಕಸ ಬಿದ್ದದ್ದು 5.20. ಹೆಣ್ಣು, 2.8 ಕಿಲೊ. ಹುಟ್ಟಿದ ಕೂಸಿನ ಸ್ಥಿತಿ ಅಳೆಯುವ ಎಪ್‌ಗಾರ್ ಅಂಕ ಒಂದನೇ ನಿಮಿಷಕ್ಕೆ ಹತ್ತಕ್ಕೆ 8, ಐದನೇ ನಿಮಿಷಕ್ಕೆ 9. ಕೆಳಗೆ ಹಸಿರು ಇಂಕಿನ ರುಜು.

“ಇದು ನಾನೇ ಮಾಡಿಸಿದ್ದು. ತಲೆ ಕಾಣಿಸಿದಾಗ ಕೈ ಹೆಂಗೆ ಇಡ್ಬೇಕು, ತಾಯಿ ಯಾವಾಗ ಮುಕ್ಕಬಾರದು, ಹುರಿ ಕತ್ತಿಗೆ ಸುತ್ತಿದೆಯಾ ಅಂತ ಬೆರಳು ಹಾಕಿ ನೋಡೋದು, ಅದೆಲ್ಲ ಪುಸ್ತಕದಲ್ಲಿ ಬರಲ್ಲ. ಇಂಥವು ಆರು. ಮಿಕ್ಕ ಹದಿನಾಲ್ಕು ಪುಟ ಗೆಳತಿಯರದ್ದು ನೋಡ್ಕೊಂಡು ಬರೆದಿದ್ದು. ಒಂದು ಹೆರಿಗೆಗೆ ನಾವು ಐದು ಜನ ನಿಲ್ತಿದ್ವಿ, ಐದು ಪುಸ್ತಕಕ್ಕೂ ಅದೇ ಮಗು ಹೋಗೋದು.”

ಏಳನೆಯದು ಯಾವಾಗ ಎಂದು ಕೇಳಿದೆ. “ಕೆಲಸಕ್ಕೆ ಸೇರಿದ ಮೊದಲ ನೈಟ್ ಡ್ಯೂಟೀಲಿ. ಆವತ್ತು ಪಕ್ಕದಲ್ಲಿ ಟೀಚರ್ ಇರಲಿಲ್ಲ” ಅಂದಳು.

ಅಂದು ರಾತ್ರಿ ನೋಟ್‌ಬುಕ್ಕಿನ ಹೊಸ ಪುಟ ತೆಗೆದೆ.

ರಾಜ್ಯದಲ್ಲಿ 600ಕ್ಕೂ ಹೆಚ್ಚು ನರ್ಸಿಂಗ್ ಕಾಲೇಜುಗಳು, 35,000ದಷ್ಟು ಸೀಟು. ಒಂದೊಂದು ಸೀಟಿಗೂ ಹಳೆಯ ಲೆಕ್ಕದ 20 ಸಹಜ ಹೆರಿಗೆ ಎಂದರೆ ವರ್ಷಕ್ಕೆ 7 ಲಕ್ಷ ಬೇಕು. ಕರ್ನಾಟಕದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಹೆಚ್ಚುಕಡಿಮೆ 10 ಲಕ್ಷ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ, ನೂರಕ್ಕೆ 31.5 ಸಿಸೇರಿಯನ್. ಹತ್ತು ಲಕ್ಷದಲ್ಲಿ ಸಿಸೇರಿಯನ್ ಕಳೆದರೆ ಸಹಜ ಹೆರಿಗೆ 6.85 ಲಕ್ಷ. ಬೀದರಿನಿಂದ ಚಾಮರಾಜನಗರದವರೆಗೆ, ಜಿಲ್ಲಾಸ್ಪತ್ರೆಯಿಂದ ಮೂರು ಹಾಸಿಗೆಯ ನರ್ಸಿಂಗ್ ಹೋಮಿನವರೆಗೆ, ನಡುರಾತ್ರಿಯದ್ದೂ ಹಬ್ಬದ ದಿನದ್ದೂ ಸೇರಿಸಿ, ಒಂದೂ ಬಿಡದೆ ನರ್ಸಿಂಗ್ ವಿದ್ಯಾರ್ಥಿಗಳ ಕೈಗೇ ಕೊಟ್ಟರೂ ಸೀಟು ತುಂಬಿದ ವರ್ಷ 15,000 ಹೆರಿಗೆ ಸಾಲದು. ಜಿಎನ್‌ಎಂ, ಎಎನ್‌ಎಂ ಮಕ್ಕಳನ್ನು ನಾನಿನ್ನೂ ಎಣಿಸಿಲ್ಲ. ಅದೇ ಲೇಬರ್ ರೂಮಿನಲ್ಲಿ ಎಂಬಿಬಿಎಸ್‌ನವರೂ ಹೌಸ್ ಸರ್ಜನ್‌ಗಳೂ ಪಿಜಿ ಡಾಕ್ಟರುಗಳೂ ಗ್ಲೌಸು ಹಾಕಿಕೊಂಡು ನಿಂತಿರುತ್ತಾರೆ. ಹೊಸ ನಿಯಮದ ಹತ್ತನ್ನು ಹಿಡಿದರೂ 3.5 ಲಕ್ಷ, ಅಂದರೆ ರಾಜ್ಯದ ಸಹಜ ಹೆರಿಗೆಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು. ಇಪ್ಪತ್ತು ಹತ್ತಾದದ್ದು ಕಲಿಕೆಯ ದೃಷ್ಟಿಯಿಂದಲೋ ಕೊರತೆಯ ದೃಷ್ಟಿಯಿಂದಲೋ ಎಂಬುದಕ್ಕೆ ನನ್ನ ಅನುಮಾನ ಎರಡನೆಯದರ ಕಡೆಗೇ ವಾಲುತ್ತದೆ.

ರಾಜ್ಯದ ಲೆಕ್ಕ ಬಿಟ್ಟು ಒಂದೇ ಕಾಲೇಜಿಗೆ ಬರೋಣ. ನಿಯಮದ ಪ್ರಕಾರ ಹೊಸ ಕಾಲೇಜಿಗೆ ತನ್ನದೇ 100 ಹಾಸಿಗೆಯ ಆಸ್ಪತ್ರೆ ಇರಬೇಕು. ಅದರಲ್ಲಿ 20 ಹಾಸಿಗೆ ಹೆರಿಗೆಗೆ ಬಿಟ್ಟಿದ್ದಾರೆ ಎನ್ನಿ. ನೂರರಲ್ಲಿ 75 ಭರ್ತಿ ಇದ್ದರೆ ವರ್ಷಕ್ಕೆ 5,475 ಹಾಸಿಗೆ-ದಿನ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಾಣಂತಿಗೆ ಉಚಿತ ಊಟ ಕೊಡುವ ಅವಧಿಯನ್ನೇ ಅಳತೆಗೋಲು ಮಾಡಿಕೊಂಡೆ: ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7. ರಾಜ್ಯದ ಶೇ. 31.5ರ ಪ್ರಮಾಣದಲ್ಲಿ ಒಂದು ಹೆರಿಗೆಗೆ ಸರಾಸರಿ 4.26 ದಿನ ಬೀಳುತ್ತದೆ. ಅಂದರೆ ವರ್ಷಕ್ಕೆ 1,285 ಹೆರಿಗೆ, ಅದರಲ್ಲಿ ಸಹಜ 880. ಅರವತ್ತು ವಿದ್ಯಾರ್ಥಿಗಳ ತಂಡಕ್ಕೆ ಹಳೆಯ ಲೆಕ್ಕದಲ್ಲಿ ಬೇಕಿದ್ದದ್ದು 1,200.

ಆದರೆ ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಶೇ. 31.5ಕ್ಕೆ ನಿಲ್ಲುವುದಿಲ್ಲ. ಅದೇ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಅಂಕಿ ಶೇ. 47.4. ಅದನ್ನು ಹಾಕಿದರೆ ಹಾಸಿಗೆ ಹೆಚ್ಚು ದಿನ ತುಂಬಿರುತ್ತದೆ, ಹೆರಿಗೆ 1,118ಕ್ಕೆ ಇಳಿಯುತ್ತದೆ, ಸಹಜವಾದದ್ದು ಬರೀ 588. ಹೊಸ ನಿಯಮದ 600ಕ್ಕೂ ಹನ್ನೆರಡು ಕಡಿಮೆ. ಇದು ಹಾಸಿಗೆ ಮುಕ್ಕಾಲು ಪಾಲು ತುಂಬಿರುವ ಒಳ್ಳೆಯ ಆಸ್ಪತ್ರೆಯ ಮಾತು. ಇನ್‌ಸ್ಪೆಕ್ಷನ್ ದಿನ ಮಾತ್ರ ತುಂಬಿ, ಮಾರನೇ ದಿನ ಬೆಡ್‌ಶೀಟು ಮಡಿಚಿಡುವ ಕಡೆಯ ಲೆಕ್ಕ ಹಾಕಲು ನನಗೆ ಗಣಿತ ಬರುವುದಿಲ್ಲ.

ಪಾವಗಡ ತಾಲ್ಲೂಕು ಅಕ್ಕನ ಊರಿಗೆ ದೂರವೇನಲ್ಲ. ಅಲ್ಲಿಯ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದಕ್ಕೂ ಕಾಸು ಕೇಳದವರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು 98ರ ವಯಸ್ಸಿನಲ್ಲಿ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯ ಹೆರಿಗೆಗಳನ್ನು ತಲೆಗೆ ಇಪ್ಪತ್ತರಂತೆ ಹಂಚಿದರೆ 750 ವಿದ್ಯಾರ್ಥಿಗಳ ಕೇಸ್ ಬುಕ್ ಸುಳ್ಳಿಲ್ಲದೆ ತುಂಬುತ್ತದೆ. ಹನ್ನೆರಡೂವರೆ ಬ್ಯಾಚು. ಹಾಗೆಂದು ಹಳೆಯ ಕಾಲವೇ ಚೆಂದ ಎನ್ನುವ ಹಂಬಲ ನನಗಿಲ್ಲ. ಮನೆಯಲ್ಲಿ ಹೆತ್ತು ರಕ್ತಸ್ರಾವದಲ್ಲಿ ಹೋದ ಅಜ್ಜಿಯೊಬ್ಬಳು ನಮ್ಮ ವಂಶದಲ್ಲೂ ಇದ್ದಾಳೆ. ಆದರೆ ಕೈಗೆ ಪಾಠ ಬರುವುದು ಎಣಿಕೆಯಿಂದ. ಯುರೋಪಿನ ನಿಯಮದಲ್ಲಿ ಸೂಲಗಿತ್ತಿ ಓದುವವಳು ತಾನೇ ಮಾಡಿಸಬೇಕಾದ ಹೆರಿಗೆ 40. ತೀರಾ ಸಿಗದಿದ್ದರೆ 30ಕ್ಕೆ ಇಳಿಸಬಹುದು, ಆಗ ಇನ್ನೂ 20ಕ್ಕೆ ನೆರವಾಗಿರಬೇಕು. ನಮ್ಮಲ್ಲೂ ಈ ಕೊರತೆ ಗೊತ್ತಿಲ್ಲದ್ದೇನಲ್ಲ. 2018ರಲ್ಲಿ ಕೇಂದ್ರ ಸರ್ಕಾರ ನರ್ಸಿಂಗ್ ಓದಿದವರಿಗೇ ಮತ್ತೆ 18 ತಿಂಗಳ ಪ್ರತ್ಯೇಕ ಮಿಡ್‌ವೈಫರಿ ತರಬೇತಿಯ ಮಾರ್ಗಸೂಚಿ ತಂದಿತು. ಅದಕ್ಕೂ ಮುಂಚೆ ತೆಲಂಗಾಣ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಜೊತೆ ಸೇರಿ ಇಂಥದ್ದನ್ನು ಶುರು ಮಾಡಿತ್ತು. ರಿಜಿಸ್ಟರಿನಲ್ಲಿ ಮೊದಲೇ ‘ಮಿಡ್‌ವೈಫ್’ ಎಂದು ಬರೆಸಿಕೊಂಡವಳಿಗೆ ಮಿಡ್‌ವೈಫ್ ಆಗಲು ಇನ್ನೂ ಒಂದೂವರೆ ವರ್ಷ!

ಕಾಲೇಜಿನವರ ಕಡೆಯ ಲೆಕ್ಕವನ್ನೂ ಹಾಕದಿದ್ದರೆ ಅನ್ಯಾಯವಾಗುತ್ತದೆ. 60 ಸೀಟಿನಲ್ಲಿ ಐದರಲ್ಲೊಂದು ಸರ್ಕಾರಿ ಕೋಟಾ: 12 ಜನರಿಂದ 1.2 ಲಕ್ಷ. ಉಳಿದ 48 ಜನರಿಂದ 48 ಲಕ್ಷ. ನಾಲ್ಕು ಬ್ಯಾಚಿಗೆ ಒಟ್ಟು 1.97 ಕೋಟಿ. ಹತ್ತು ವಿದ್ಯಾರ್ಥಿಗೆ ಒಬ್ಬರು ಟೀಚರ್ ಎಂಬ ನಿಯಮದಂತೆ 240 ಮಕ್ಕಳಿಗೆ 24 ಜನ. ತಲೆಗೆ 40,000 ಸಂಬಳ ಕೊಟ್ಟರೆ ವರ್ಷಕ್ಕೆ 1.15 ಕೋಟಿ ಅಲ್ಲೇ ಹೋಯಿತು. ಉಳಿದ 80 ಲಕ್ಷದಲ್ಲಿ ಕಟ್ಟಡ, ಲ್ಯಾಬು, ಬಸ್ಸು, ವಿಶ್ವವಿದ್ಯಾಲಯದ ಶುಲ್ಕ. ನಿಯಮ ಪಾಲಿಸುವ ಕಾಲೇಜು ಕೈ ಕಚ್ಚಿಕೊಳ್ಳುತ್ತದೆ. ಲಾಭ ಬೇಕೆಂದವರು ಕೈ ಹಾಕುವುದು ಎರಡೇ ಕಡೆ, ಟೀಚರ ಸಂಖ್ಯೆ ಮತ್ತು ಆಸ್ಪತ್ರೆ. ಹೊರರಾಜ್ಯದ ಮಕ್ಕಳಿಗೆ ಏಜೆಂಟರ ಮೂಲಕ ಬಲೆ ಬೀಸುವುದೂ ಇದಕ್ಕೇ: ಅದೇ 48 ಸೀಟು 1.4 ಲಕ್ಷದವರಿಂದ ತುಂಬಿದರೆ ಬ್ಯಾಚಿಗೆ 19.2 ಲಕ್ಷ ಹೆಚ್ಚು.

ಕೇಂದ್ರದ ಅಂದಾಜನ್ನು ಇದರ ಪಕ್ಕ ಇಟ್ಟು ನೋಡಿ. 2014ರಿಂದೀಚೆಗೆ ಶುರುವಾದ ಮೆಡಿಕಲ್ ಕಾಲೇಜುಗಳ ಅಂಗಳದಲ್ಲೇ 157 ನರ್ಸಿಂಗ್ ಕಾಲೇಜು ತೆರೆಯಲು 2023ರ ಏಪ್ರಿಲಿನಲ್ಲಿ ಸಚಿವ ಸಂಪುಟ 1,570 ಕೋಟಿ ಮಂಜೂರು ಮಾಡಿತು. ವರ್ಷಕ್ಕೆ 15,700 ಪದವೀಧರರು ಬರಬೇಕೆಂಬ ಗುರಿ. ಅಂದರೆ ಕಾಲೇಜಿಗೆ 10 ಕೋಟಿ, 100 ಸೀಟು. ಸೀಟಿಗೆ 10 ಲಕ್ಷ ಬಂಡವಾಳ. ಅದೂ ಆಸ್ಪತ್ರೆ ಆಗಲೇ ಎದ್ದು ನಿಂತಿರುವ ಕಡೆ. ಈ ಯೋಜನೆಯಲ್ಲಿ ನನಗೆ ಹಿಡಿಸಿದ್ದು ದುಡ್ಡಲ್ಲ, ‘ಅಂಗಳದಲ್ಲೇ’ ಎಂಬ ಮಾತು. ಅಲ್ಲಿ ಲೇಬರ್ ರೂಮಿಗೆ ಬಸ್ಸು ಹತ್ತಿ ಹೋಗಬೇಕಾಗಿಲ್ಲ.

ಭಾವನಿಗೆ ವಿದೇಶದ ಆಸೆ ಒಳಗೊಳಗೇ ಇತ್ತು. ಮುಖಪುಟದ ಹುಡುಗಿಯ ಹಿಂದಿನ ಗಾಜಿನ ಕಟ್ಟಡ ಸುಮ್ಮನೆ ಅಲ್ಲಿರುವುದಿಲ್ಲ. ಬ್ರಿಟನ್ನಿನದನ್ನಷ್ಟೇ ಹೇಳುತ್ತೇನೆ. ಅಲ್ಲಿಯ ನರ್ಸಿಂಗ್ ಕೌನ್ಸಿಲ್ಲಿಗೆ ದಾಖಲೆ ಪರಿಶೀಲನೆಗೆ 140 ಪೌಂಡು, ಕಂಪ್ಯೂಟರ್ ಪರೀಕ್ಷೆಗೆ 83, ಕೈಕೆಲಸದ ಪರೀಕ್ಷೆಗೆ 794, ನೋಂದಣಿಗೆ 153. ಕೂಡಿದರೆ 1,170. ಪೌಂಡಿಗೆ 110 ರೂಪಾಯಿಯೆಂದರೂ 1.29 ಲಕ್ಷ, ಇಂಗ್ಲಿಷ್ ಪರೀಕ್ಷೆ, ವೀಸಾ, ವಿಮಾನ ಬೇರೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೊಸ ನರ್ಸಿಗೆ 2025–26ರಲ್ಲಿ ವರ್ಷದ ಸಂಬಳ 31,049 ಪೌಂಡು, ಅದೇ ದರದಲ್ಲಿ 34 ಲಕ್ಷ ರೂಪಾಯಿ. ಬಾಡಿಗೆ, ತೆರಿಗೆಯೂ ಪೌಂಡಿನಲ್ಲೇ ಹೋಗುತ್ತದೆ ಎನ್ನುವುದನ್ನು ಪುಸ್ತಿಕೆ ಹೇಳುವುದಿಲ್ಲ. ಅಲ್ಲಿಯ ರಿಜಿಸ್ಟರಿನಲ್ಲಿ ನರ್ಸುಗಳ ಭಾಗ ಬೇರೆ, ಸೂಲಗಿತ್ತಿಯರ ಭಾಗ ಬೇರೆ. ನರ್ಸಾಗಿ ನೋಂದಾಯಿಸಿಕೊಂಡವಳು ಸೂಲಗಿತ್ತಿಯಾಗುವುದಿಲ್ಲ. ಇನ್ನು ಕೊಲ್ಲಿ ದೇಶಗಳಿಗೆ ಕಳಿಸುತ್ತೇನೆಂದು ಬರುವ ಏಜೆಂಟರ ವಿಷಯ: ನೋಂದಾಯಿತ ಏಜೆಂಟ್ ಕಾನೂನಿನ ಪ್ರಕಾರ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000, ಜಿಎಸ್‌ಟಿ ಸೇರಿ 35,400. ಮೂರು ಲಕ್ಷ ಕೇಳಿದವನಿಗೆ ಈ ಅಂಕಿ ಹೇಳಿ ಮುಖ ನೋಡಬಹುದು.

ಮಾರನೇ ಬೆಳಿಗ್ಗೆ ಅಕ್ಕನ ಮಗಳು ನೋಟ್‌ಬುಕ್ ಪೂರ್ತಿ ಓದಿದಳು. ಆಮೇಲೆ ಆರೂ ಕಾಲೇಜಿಗೆ ಸ್ಪೀಕರ್ ಹಾಕಿ ಫೋನು ಮಾಡಿದಳು. ಒಂದೇ ಪ್ರಶ್ನೆ. ಮೊದಲನೆಯವರು “ಅದೆಲ್ಲ ಅಡ್ಜಸ್ಟ್ ಆಗುತ್ತೆ ಮೇಡಂ, ಟೆನ್ಶನ್ ಬೇಡ” ಅಂದರು. ಇನ್ನೊಬ್ಬರು ಹಾಸ್ಟೆಲಿನ ವೈಫೈ ಬಗ್ಗೆ ಹೇಳತೊಡಗಿದರು. ಮೂರನೆಯವರು “ನೀವು ಯಾರು ಮಾತಾಡೋದು?” ಎಂದು ಕೇಳಿದರು. ಇಬ್ಬರು ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇವೆಂದು ಇಟ್ಟರು. ಮನೆಗೆ ಹತ್ತಿರವಿದ್ದ ಕಾಲೇಜು ಆ ಎರಡರಲ್ಲೊಂದು. ಮರಳಿ ಫೋನ್ ಬರಲಿಲ್ಲ. ಆರನೆಯ ಕಡೆ ಫೋನ್ ಎತ್ತಿದ ಹೆಂಗಸು “ಒಂದ್ನಿಮಿಷ ಇರಿ” ಅಂದರು. ಕುರ್ಚಿ ಎಳೆದ ಸದ್ದು, ಪುಟ ತಿರುವುವ ಸದ್ದು. “ನಮ್ಮ ಮಕ್ಕಳು ಸರ್ಕಾರಿ ಆಸ್ಪತ್ರೆಗೆ ಹೋಗ್ತಾರಮ್ಮ. ಹೋದ ತಿಂಗಳು ಅಲ್ಲಿ 212, ಅದರಲ್ಲಿ ನಾರ್ಮಲ್ 139. ನಮ್ಮ ಜೊತೆ ಇನ್ನೆರಡು ಕಾಲೇಜಿನವರೂ ಬರ್ತಾರೆ, ಅದನ್ನೂ ಹೇಳ್ಬಿಡ್ತೀನಿ.”

“ಅದು ದೂರ ಆಯ್ತಲ್ಲ. ಹಾಸ್ಟೆಲ್ಲೇ 2.8 ಲಕ್ಷ” ಅಂದರು ಭಾವ.

ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಪುಸ್ತಿಕೆಯ ಹಿಂಬದಿಯಲ್ಲಿ 139ನ್ನು 12ರಿಂದ ಗುಣಿಸಿದಳು: 1,668. ಮೂರು ಕಾಲೇಜಿಗೆ 180 ಜನ ಎಂದು ಭಾಗಿಸಿದಳು. ತಲೆಗೆ 9.27.

“ಹತ್ತಕ್ಕೆ ಮುಕ್ಕಾಲು ಕಮ್ಮಿ ಮಾವ” ಅಂದಳು. “ನೈಟ್ ಡ್ಯೂಟಿ ಜಾಸ್ತಿ ಹಾಕಿಸ್ಕೊಂಡ್ರೆ ಹತ್ತು ದಾಟಬಹುದು, ಅಲ್ವಾ?”